ಕೋಳಿ, ಬಾತು ಒಂದೇ ಹಿತ್ತಿಲಲ್ಲಿ

ಕೋಳಿ ಜೊತೆ ಬಾತು ಸಾಕಬಹುದಾ ಅಂತ ಕೇಳುತ್ತೀರಲ್ವಾ? ಧಾರಾಳವಾಗಿ ಸಾಕಿ. ಹಗಲು ಒಟ್ಟಿಗೇ ಮೇಯಲಿ. ರಾತ್ರಿ ಮಾತ್ರ ಒಂದೇ ಗೂಡಿಗೆ ತುಂಬಬೇಡಿ.

ತೊಂದರೆ ಇರುವುದೆಲ್ಲ ನೀರಿನದ್ದು. ಬಾತು ಎರಡು ತುತ್ತು ತಿಂದರೆ ಒಂದು ಸಲ ನೀರಿಗೆ ಬಾಯಿ ಹಾಕುತ್ತದೆ. ಮೂಗಿನ ತೂತು ತೊಳೆದುಕೊಳ್ಳುತ್ತದೆ, ಸುತ್ತಲೂ ಚೆಲ್ಲುತ್ತದೆ. ಅದರ ಹಿಕ್ಕೆಯೂ ನೀರು ನೀರು. ಕೋಳಿಗೆ ಈ ತೇವ ಆಗಿಬರುವುದಿಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಘಾಟು ಬಂತೆಂದರೆ, ಕೋಳಿಮರಿಗಳಿಗೆ ರಕ್ತಭೇದಿ ಹಿಡಿಯಲು ಜಾಸ್ತಿ ದಿನ ಬೇಡ. ಮೊದಲ ಮಳೆಗಾಲದಲ್ಲಿ ಇದು ಗೊತ್ತಿಲ್ಲದೆ ಏಳು ಮರಿ ಕಳೆದುಕೊಂಡೆ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ಹಾಗಾಗಿ ಬಾತಿನ ನೀರನ್ನು ಗೂಡಿನಿಂದ ದೂರ, ಬಾಳೆ ಬುಡದ ಹತ್ತಿರ ಇಡಿ. ಚೆಲ್ಲಿದ್ದು ಬಾಳೆಗೆ ಹೋಗಲಿ. ಕೆರೆಯೇ ಬೇಕೆಂದಿಲ್ಲ, ಅದರ ತಲೆ ಮುಳುಗುವಷ್ಟು ಆಳದ ಹಳೆ ಟಬ್ ಸಾಕು. ಒಳಗೆ ಒಂದೆರಡು ಕಲ್ಲು ಹಾಕಿ, ಕೋಳಿಮರಿ ಬಿದ್ದರೆ ಹತ್ತಿ ಬರುತ್ತದೆ. ಕೋಳಿಯ ನೀರನ್ನು ಎತ್ತರದ ಕಟ್ಟೆ ಮೇಲೆ ಇಡಿ. ಕೋಳಿ ಹಾರಿ ಹತ್ತುತ್ತದೆ, ಬಾತಿಗೆ ಅದು ಕಷ್ಟ.

ತೌಡು, ನುಚ್ಚನ್ನು ನೀರಲ್ಲಿ ಕಲಸಿಯೇ ಬಾತಿಗೆ ಕೊಡಿ, ಒಣದಾದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೂಸ್ಟು ಬಂದ ಕಡಲೆಕಾಯಿ ಹಿಂಡಿಯನ್ನಂತೂ ಹಾಕಲೇಬೇಡಿ. ಆ ವಿಷವನ್ನು ಕೋಳಿ ಒಂದಿಷ್ಟು ತಡೆದುಕೊಂಡೀತು, ಬಾತಿನ ಮರಿ ಈಲಿ ಕೆಟ್ಟು ಸತ್ತೇಹೋಗುತ್ತದೆ.

ಒಂದು ಗಂಡು ಬಾತಿಗೆ ಐದಾರು ಹೆಣ್ಣು ಬಾತು ಇರಲಿ. ಇಲ್ಲದಿದ್ದರೆ ಅದು ಹೇಂಟೆಗಳ ಮೇಲೆ ಏರುತ್ತದೆ. ಹುಂಜಕ್ಕೆ ಇಲ್ಲದ ಅಂಗ ಗಂಡು ಬಾತಿಗಿದೆ, ಹೇಂಟೆಗೆ ಒಳಗೆ ಗಾಯವಾಗುತ್ತದೆ. ಅಂಥದ್ದು ಕಂಡರೆ ಅವತ್ತೇ ಬೇರೆ ಮಾಡಿ.

ಬಾತು ಮೊಟ್ಟೆ ಇಡುವುದು ಬೆಳಗಿನ ಜಾವ. ಎಂಟು, ಒಂಬತ್ತು ಗಂಟೆ ತನಕ ಬಾಗಿಲು ತೆಗೆಯಬೇಡಿ, ತೆಗೆದರೆ ಮೊಟ್ಟೆ ಗದ್ದೆಯ ಪಾಲು. ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು ಕಾವಿಗೆ ಕೂರುವುದು ಅಪರೂಪ. ನಾಟಿ ಹೇಂಟೆಯ ಕೆಳಗೆ ಅದರ ಮೊಟ್ಟೆ ಇಡಿ. ಆದರೆ ಕೋಳಿ ಮೊಟ್ಟೆ ಜೊತೆ ಬೆರೆಸಬೇಡಿ. ಕೋಳಿಯದು 21 ದಿನಕ್ಕೆ ಒಡೆಯುತ್ತದೆ, ಬಾತಿನದಕ್ಕೆ 28 ದಿನ ಬೇಕು. ಮರಿ ಹೊರಬಂದ ಕೂಡಲೇ ಹೇಂಟೆ ಎದ್ದು ಹೋಗಿಬಿಡುತ್ತದೆ, ಉಳಿದ ಮೊಟ್ಟೆ ತಣ್ಣಗಾಗುತ್ತದೆ. ಹೇಂಟೆ ಸಾಕಿದ ಬಾತಿನ ಮರಿಗೆ ತಾಯಿ ಬಾತಿನ ಮೈಯ ಎಣ್ಣೆ ಸಿಗುವುದಿಲ್ಲ. ಪುಕ್ಕ ಚೆನ್ನಾಗಿ ಬರುವ ತನಕ ಆ ಮರಿಗಳನ್ನು ಟಬ್‌ಗೆ ಬಿಡಬೇಡಿ, ನೆನೆದು ಚಳಿ ಹಿಡಿಯುತ್ತದೆ.