ಲಗಾಮಿಗಿಂತ ಮೊದಲು ಸೊಂಟ: ಕುದುರೆ, ಸವಾರ ಇಬ್ಬರಿಗೂ ಲಯ ಕಲಿಸುವುದು ಹೇಗೆ?

ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಸವಾರ ಹತ್ತಿದರೆ ಮುಂಭಾಗಕ್ಕೆ ಹೊರೆ ಇನ್ನೂ ಹೆಚ್ಚು. ಹಿಂಗಾಲುಗಳು ಹೊಟ್ಟೆಯಡಿಗೆ ಬಂದು ಭಾರ ಹೊರಬೇಕು. ಅದು ಸಮ ಲಯದಲ್ಲಿ ಓಡಾಡಿಸಿದರೆ ಮಾತ್ರ ಬರುತ್ತದೆ. ಲಗಾಮು ಜಗ್ಗಿ ಕತ್ತು ಬಗ್ಗಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಅಷ್ಟೇ.

ಶುರು ಸವಾರನಿಂದಲೇ ಆಗಲಿ. ಹೆಲ್ಮೆಟ್ ಹಾಕಿಕೊಳ್ಳಿ. ತಿಳಿದವರೊಬ್ಬರು ಉದ್ದ ಹಗ್ಗ ಹಿಡಿದು ಕುದುರೆಯನ್ನು ವೃತ್ತದಲ್ಲಿ ನಡೆಸಲಿ. ನೀವು ರಿಕಾಪಿನಿಂದ (ಪಾದ ಇಡುವ ಬಳೆ) ಕಾಲು ತೆಗೆದು, ಲಗಾಮು ಬಿಟ್ಟು ಕೂರಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ. ಈಗ ಕಣ್ಣು ಮುಚ್ಚಿ. ಕುದುರೆಯ ಎಡ ಹಿಂಗಾಲು ಮುಂದೆ ಬರುವಾಗ ಅದರ ಹೊಟ್ಟೆ ಬಲಕ್ಕೆ ತೂಗುತ್ತದೆ, ನಿಮ್ಮ ಎಡ ಸೊಂಟ ತುಸು ಇಳಿಯುತ್ತದೆ. ಯಾವ ಕಾಲು ಬಂತೆಂದು ಬಾಯಿಬಿಟ್ಟು ಹೇಳುತ್ತಾ ಹೋಗಿ. ಮಂಡಿ ಬಿಗಿದರೆ ಇದೇನೂ ತಿಳಿಯುವುದಿಲ್ಲ; ಬಿಗಿದಷ್ಟೂ ಜೀನಿನಿಂದ ಮೇಲಕ್ಕೆ ಜಿಗಿಯುತ್ತೀರಿ.

ಮುಂದಿನದು ಎಣಿಕೆ. ಕುದುರೆಯ ಒಂದು ಸುತ್ತಿನ ಹೆಜ್ಜೆಗೆ ಗೊರಸಿನ ಸದ್ದು ಎಷ್ಟು ಸಲ ಕೇಳುತ್ತದೋ ಅಷ್ಟು ಹೊಡೆತ: ನಡಿಗೆಗೆ ನಾಲ್ಕು, ಟ್ರಾಟ್‌ಗೆ (ಕುಲುಕು ಓಟ) ಎರಡು, ಕ್ಯಾಂಟರ್‌ಗೆ (ಅದಕ್ಕಿಂತ ವೇಗದ ಓಟ) ಮೂರು. ಗಟ್ಟಿಯಾಗಿ ಎಣಿಸಿದರೆ ಉಸಿರು ಹಿಡಿಯುವ ಚಾಳಿಯೂ ತಪ್ಪುತ್ತದೆ. ಟ್ರಾಟ್‌ನಲ್ಲಿ ಕುದುರೆಯ ಹೊರಬದಿಯ (ವೃತ್ತದ ಹೊರಗಿನ ಕಡೆಯ) ಭುಜ ಮುಂದೆ ಹೋದಾಗ ಜೀನಿನಿಂದ ಏಳಿ, ಹಿಂದೆ ಬಂದಾಗ ಕೂರಿ. ದಿಕ್ಕು ಬದಲಿಸುವಾಗ ಒಂದು ಹೊಡೆತ ಹೆಚ್ಚು ಕೂತು ಎದ್ದರೆ ಸರಿಹೋಗುತ್ತದೆ.

ಬಳಿಕ ನಾಲ್ಕು ಕೋನ್ ಇಟ್ಟು 20 ಮೀಟರ್ ವ್ಯಾಸದ ವೃತ್ತ ಮಾಡಿ. ಕುದುರೆ ಒಳಕ್ಕೆ ವಾಲಿ ವೇಗ ಹೆಚ್ಚಿಸಿದರೆ ಸಮತೋಲ ತಪ್ಪಿದೆ ಎಂದೇ ಅರ್ಥ. ವೃತ್ತದ ಒಳಬದಿಯ ನಿಮ್ಮ ಕಾಲಿನಿಂದ ಒತ್ತಿ ವೃತ್ತವನ್ನು ಹಿಗ್ಗಿಸಿ. ನಿಮ್ಮ ಏಳು–ಕೂರು ನಿಧಾನವಾದರೆ ಕುದುರೆಯೂ ನಿಧಾನವಾಗುತ್ತದೆ. ಪ್ರತಿ ಹತ್ತು ಹೆಜ್ಜೆಗೊಮ್ಮೆ ನಡಿಗೆಯಿಂದ ಟ್ರಾಟ್‌ಗೆ, ಮತ್ತೆ ನಡಿಗೆಗೆ ಬನ್ನಿ.

ಕೊನೆಗೆ ಕುದುರೆ ದಾಟಲೆಂದು ನೆಲದ ಮೇಲೆ ಗಳು (ಉದ್ದನೆಯ ಕೋಲು). ಮೊದಲು ಒಂದೇ ಗಳು, ಆಮೇಲೆ ಮೂರು. ಎರಡಿಟ್ಟರೆ ಕೆಲವು ಕುದುರೆಗಳು ಎರಡನ್ನೂ ಒಂದೇ ನೆಗೆತಕ್ಕೆ ದಾಟಿಬಿಡುತ್ತವೆ! ನಡಿಗೆಗಾದರೆ 80–90 ಸೆಂಟಿಮೀಟರ್, ಟ್ರಾಟ್‌ಗೆ 1.2ರಿಂದ 1.4 ಮೀಟರ್ ಅಂತರ ಸಾಕು. ಗೊರಸು ತಾಗುತ್ತಿದ್ದರೆ ಆ ಕುದುರೆಯ ಹೆಜ್ಜೆಗೆ ತಕ್ಕಂತೆ ಗಳು ಸರಿಸಿ.

ಹಿಂಗಾಲು ನೆಲಕ್ಕೆ ಉಜ್ಜತೊಡಗಿದರೆ ಕುದುರೆ ದಣಿದಿರಬಹುದು. ಲಗಾಮು ಸಡಿಲಿಸಿ ನಡೆಸಿ ಮುಗಿಸಿ. ಟ್ರಾಟ್‌ನಲ್ಲಿ ಹೆಜ್ಜೆಗೊಮ್ಮೆ ತಲೆ ಏರಿಳಿಯುತ್ತಿದ್ದರೆ ಮಾತ್ರ ಅಭ್ಯಾಸವನ್ನು ಅಲ್ಲಿಗೇ ಬಿಡಿ: ಅದು ಕುಂಟು, ಪಶುವೈದ್ಯರು ನೋಡಬೇಕಾದದ್ದು.