ಬ್ರೂವರ್ ಕಮರಿಗೆ ಇಳಿಯುವ ಮುಂಚೆ

ಸ್ಕಾಟ್ಲೆಂಡಿನ ಬ್ಲೇರ್ ಆಥೊಲ್ ಹತ್ತಿರದ ಬ್ರೂವರ್ ಕಮರಿಗೆ ನಾನು, ತಂಗಿ ಕ್ಯಾನಿಯನಿಂಗ್‌ಗೆ, ಅಂದರೆ ಹಗ್ಗ ಹಿಡಿದು, ಈಜುತ್ತ ಕಮರಿಯ ಹೊಳೆಗುಂಟ ಸಾಗುವ ಸಾಹಸಕ್ಕೆ, ಇಳಿದದ್ದು ಮೇ ತಿಂಗಳಲ್ಲಿ. ಮೇಲೆ ಒಳ್ಳೆ ಬಿಸಿಲು, ಕೆಳಗೆ ಹಲ್ಲು ಕಟಕಟ ಎನ್ನುವಂಥ ನೀರು. ಮೊದಲ ಸಲ ಹೋಗುವವರು ಜುಲೈ, ಆಗಸ್ಟ್ ಆರಿಸಿಕೊಳ್ಳಿ.

ಬುಕ್ ಮಾಡುವಾಗ ಒಬ್ಬ ಗೈಡ್‌ಗೆ ಎಷ್ಟು ಜನ ಎಂದು ಕೇಳಿ. ಮಳೆ ಬಂದು ನೀರು ಏರಿದರೆ ಏನು ಮಾಡುತ್ತಾರೆ ಅಂತಲೂ ಕೇಳಿ. ಇದೇ ಮುಖ್ಯ. ಕಮರಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ ಅಲ್ವಾ? ದೂರದ ಬೆಟ್ಟದಲ್ಲಿ ಸುರಿದ ಮಳೆಯೂ ಇಲ್ಲಿಗೇ ಬರುತ್ತದೆ. "ದಿನ ಬದಲಿಸುತ್ತೇವೆ" ಅನ್ನುವವರನ್ನೇ ನಂಬಿ.

ವೆಟ್‌ಸೂಟ್ (ತಣ್ಣೀರಿಗೆ ಇಳಿಯುವಾಗ ಹಾಕುವ ರಬ್ಬರಿನಂಥ ಉಡುಪು) 5 ಮಿಲಿಮೀಟರ್ ದಪ್ಪ ಇರಲಿ. ಒಳಗೆ ನೀರು ನುಗ್ಗುತ್ತದೆ, ಗಾಬರಿ ಬೇಡ. ಆ ತೆಳು ನೀರನ್ನು ನಿಮ್ಮ ಮೈಯೇ ಬೆಚ್ಚಗೆ ಮಾಡುತ್ತದೆ. ಆದರೆ ಸೂಟ್ ಸಡಿಲವಾಗಿದ್ದರೆ ಹೊಸ ತಣ್ಣೀರು ಬರುತ್ತಲೇ ಇರುತ್ತದೆ. ತಂಗಿಗೆ ಹಾಗೇ ಆಯಿತು, ಅರ್ಧ ದಾರಿಗೇ ತುಟಿ ನೀಲಿ. ಮೈಗೆ ಬಿಗಿಯಾಗಿ ಕೂರುವ ಅಳತೆಯನ್ನೇ ಕೇಳಿ ತೆಗೆದುಕೊಳ್ಳಿ. ಒಳಗೆ ಹತ್ತಿ ಬಟ್ಟೆ ಬೇಡ.

ಮಾತು ತೊದಲಿದರೆ, ಬೆರಳು ಮರಗಟ್ಟಿ ಹಗ್ಗ ಹಿಡಿಯಲಾಗದಿದ್ದರೆ ಸುಮ್ನೆ ಸಹಿಸಬೇಡಿ. ತಕ್ಷಣ ಗೈಡ್‌ಗೆ ಹೇಳಿ. ಕಾರಿನಲ್ಲಿ ಒಣ ಬಟ್ಟೆ, ಉಣ್ಣೆ ಟೋಪಿ, ಫ್ಲಾಸ್ಕ್ ತುಂಬ ಬಿಸಿ ಶುಂಠಿ ಕಷಾಯ ಇಟ್ಟುಕೊಂಡಿರಿ.