ಐದು ವಿಭಾಗದ ಅರ್ಜಿ: ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು

ಬಸವನಗುಡಿಯ ಒಂದು ವಿದ್ಯಾರ್ಥಿನಿಲಯದ ಪ್ರವೇಶ ಅರ್ಜಿಯನ್ನು ಜಾಲತಾಣಕ್ಕಾಗಿ ಹೊಸದಾಗಿ ಬರೆಯುವ ಕೆಲಸ ನನಗೆ ಬಂದಿತ್ತು. ವಿದ್ಯಾರ್ಥಿಯ ವಿವರ, ಪೋಷಕರು, ಓದು, ಬ್ಯಾಂಕ್ ಖಾತೆ, ದಾಖಲೆಗಳು ಎಂದು ಐದು ವಿಭಾಗ. ಒಂದರ ತಲೆಬರಹ ಒತ್ತಿದರೆ ಅದು ತೆರೆದುಕೊಂಡು ಉಳಿದವು ಮಡಚಿಕೊಳ್ಳುತ್ತವೆ. ತುಂಬುವವರು ಹೆಚ್ಚಾಗಿ ತುಮಕೂರು, ಕೋಲಾರ, ಚಾಮರಾಜನಗರದ ಕಡೆಯ ಮಕ್ಕಳು, ಕೈಯಲ್ಲಿರುವುದು ಮೊಬೈಲ್.

ಹಳೆಯ ಅರ್ಜಿಯ ಮೇಲೆ ಕಚೇರಿಯವರಿಗೆ ಇದ್ದದ್ದು ಒಂದೇ ದೂರು: "ಸಲ್ಲಿಸು ಅಂತ ಒತ್ತಿದರೆ ಏನೂ ಆಗುವುದಿಲ್ಲ ಸಾರ್." ಕಡ್ಡಾಯ ಖಾನೆ ಖಾಲಿ ಇದ್ದರೆ ಬ್ರೌಸರ್ ಸಲ್ಲಿಕೆಯನ್ನು ತಡೆದು, ಆ ಖಾನೆಗೇ ಕರೆದೊಯ್ದು ಸಂದೇಶ ತೋರಿಸುತ್ತದೆ. ಆದರೆ ಖಾನೆ ಮಡಚಿದ ವಿಭಾಗದಲ್ಲಿ ಪೂರ್ತಿ ಮರೆಯಾಗಿದ್ದರೆ ಅಲ್ಲಿಗೆ ಕರೆದೊಯ್ಯುವುದು ಅದಕ್ಕೆ ಸಾಧ್ಯವಿಲ್ಲ. ಆಗ ಕ್ರೋಮ್ ಬ್ರೌಸರ್ ದೋಷಗಳನ್ನು ದಾಖಲಿಸುವ ತನ್ನ ಕನ್ಸೋಲಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಆ ಸಾಲು ಡೆವಲಪರ್‌ಗೆ ಮಾತ್ರ ಕಾಣುತ್ತದೆ. ಅರ್ಜಿ ತುಂಬಿದ ಹುಡುಗಿ ಬಟನ್ ಒತ್ತುತ್ತಲೇ ಇರುತ್ತಾಳೆ.

ಆದ್ದರಿಂದ ಮೊದಲು ಅರ್ಜಿಗೆ, ನೀನಾಗಿ ತಪಾಸಣೆ ಮಾಡಬೇಡ ಎಂದು ಬ್ರೌಸರಿಗೆ ಹೇಳುವ 'ನೋವ್ಯಾಲಿಡೇಟ್' ಹಾಕಿ, ತಪಾಸಣೆ ಯಾವಾಗ ನಡೆಯಬೇಕೆಂಬುದನ್ನು ನನ್ನ ಕೈಗೆ ತೆಗೆದುಕೊಂಡೆ. ಪ್ರತಿ ವಿಭಾಗವೂ ಒಂದು ಫೀಲ್ಡ್‌ಸೆಟ್, ಅಂದರೆ ಖಾನೆಗಳನ್ನು ಗುಂಪು ಮಾಡುವ ಚೌಕಟ್ಟು. ಇಲ್ಲೊಂದು ಎಚ್ಚರಿಕೆ: ತುಂಬಿದ್ದು ಸರಿಯೇ ಎಂದು ಕೇಳುವ 'ಚೆಕ್‌ವ್ಯಾಲಿಡಿಟಿ' ಆಜ್ಞೆಯನ್ನು ಫೀಲ್ಡ್‌ಸೆಟ್ ಮೇಲೆಯೇ ಕರೆದರೆ, ಒಳಗಿನ ಖಾನೆಗಳು ಹೇಗಿದ್ದರೂ ಉತ್ತರ 'ಸರಿ' ಎಂದೇ ಬರುತ್ತದೆ. ಅದರೊಳಗಿನ ಖಾನೆಗಳನ್ನು ಒಂದೊಂದಾಗಿ ಕೇಳಬೇಕು. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಸಂಗ್ರಹದ ವ್ಯಾಲಿಡೇಶನ್ (ತಪಾಸಣೆ) ಪ್ಲಗಿನ್ ಬಳಸುವವರೂ ಗಮನಿಸಬೇಕು: ಮರೆಯಾದ ಖಾನೆಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ.

ಜನರು 'ಮುಂದೆ' ಬಟನ್ನನ್ನು ಮಾತ್ರ ನಂಬಿಕೊಂಡಿರುವುದಿಲ್ಲ, ನೇರವಾಗಿ ತಲೆಬರಹವನ್ನೂ ಒತ್ತುತ್ತಾರೆ. ಹಾಗಾಗಿ ಎರಡೂ ದಾರಿ ಒಂದೇ ತಪಾಸಣೆಯ ಮೂಲಕ ಹಾದುಹೋಗುವಂತೆ ಮಾಡಿದೆ. ಮಡಚುವ ವಿಭಾಗಗಳಿಗೆಂದೇ ಇರುವ ಜೆಕ್ವೆರಿ ಯುಐ ಅಕಾರ್ಡಿಯನ್ ಆದರೆ, ವಿಭಾಗ ತೆರೆಯುವ ಮುಂಚಿನ 'ಬಿಫೋರ್‌ಆಕ್ಟಿವೇಟ್' ಘಟ್ಟದಲ್ಲಿ ತಡೆಯಬಹುದು. ನಾನು ಬಳಸಿದ್ದು ಪುಟ ಕಟ್ಟುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇರುವ, ತೆರೆದು ಮಡಚುವ ಡೀಟೇಲ್ಸ್ ಅಂಶ. ಅದರ 'ಟಾಗಲ್' ಸೂಚನೆ ಬರುವ ಹೊತ್ತಿಗೆ ವಿಭಾಗ ಆಗಲೇ ತೆರೆದಿರುತ್ತದೆ, ಅದನ್ನು ರದ್ದು ಮಾಡಲಾಗದು. ಅದರ ತಲೆಬರಹವಾದ ಸಮ್ಮರಿಯ ಮೇಲಿನ ಕ್ಲಿಕ್ಕನ್ನೇ ಹಿಡಿಯಬೇಕು.

ಇಷ್ಟಾದ ಮೇಲೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ: ತಪಾಸಣೆ ಮುಂದೆ ಹೋಗುವಾಗ ಮಾತ್ರ. ಹಿಂದಕ್ಕೆ ಹೋಗುವವರನ್ನು ಯಾವ ಕಾರಣಕ್ಕೂ ತಡೆಯಕೂಡದು. ಬ್ಯಾಂಕ್ ವಿಭಾಗದಲ್ಲಿ ಅರ್ಧ ತುಂಬಿದ ಹುಡುಗಿಗೆ, ಪೋಷಕರ ವಿಭಾಗದಲ್ಲಿ ಅಪ್ಪನ ಹೆಸರನ್ನು ಪಾಸ್‌ಬುಕ್‌ನಲ್ಲಿರುವಂತೆಯೇ ಬರೆದೆನೇ ಎಂಬ ಅನುಮಾನ ಬರುತ್ತದೆ. ನೋಡಲು ಹೊರಟರೆ "ಖಾತೆ ಸಂಖ್ಯೆ ಕಡ್ಡಾಯ" ಎಂದು ಕೆಂಪಕ್ಷರ ಅಡ್ಡ ನಿಂತರೆ ಅವಳೇನು ಮಾಡುತ್ತಾಳೆ? ತಪ್ಪಿಸಿಕೊಳ್ಳಲು ಯಾವುದೋ ಅಂಕಿ ತುಂಬುತ್ತಾಳೆ. ಆ ಸುಳ್ಳು ಅಂಕಿ ಆಮೇಲೆ ಅಲ್ಲೇ ಉಳಿದುಬಿಡಬಹುದು, ವಿದ್ಯಾರ್ಥಿವೇತನ ಅದೇ ಖಾತೆಗೆ ಹೋಗಬೇಕು. ಎರಡು ವಿಭಾಗ ಹಾರಿ ಮುಂದಕ್ಕೆ ನೆಗೆದವರಿಗೆ ನಡುವಿನವನ್ನೆಲ್ಲ ಕ್ರಮವಾಗಿ ನೋಡಿ, ಮೊದಲು ತಪ್ಪು ಸಿಕ್ಕ ವಿಭಾಗವನ್ನು ತೆರೆದು, ಆ ಖಾನೆಯ ಮೇಲೆ ಕರ್ಸರ್ ನಿಲ್ಲಿಸುತ್ತೇನೆ. ಸಂದೇಶವನ್ನು 'ಏರಿಯಾ-ಡಿಸ್ಕ್ರೈಬ್ಡ್‌ಬೈ' ಎಂಬ ಎಚ್‌ಟಿಎಂಎಲ್ ಗುರುತಿನ ಮೂಲಕ ಖಾನೆಗೆ ಕಟ್ಟಿದ್ದರಿಂದ ಪರದೆ ಓದುವ ತಂತ್ರಾಂಶವೂ ಅದನ್ನು ಓದಿ ಹೇಳುತ್ತದೆ.

ನಿಯಮಗಳನ್ನು ಬರೆಯುವಾಗ ಕನ್ನಡವನ್ನು ಮರೆತರೆ ಕರ್ನಾಟಕದ ಅರ್ಜಿ ಕನ್ನಡದ ಮಕ್ಕಳನ್ನೇ ಹೊರಗಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅಂಕಿಯನ್ನು ಗುರುತಿಸುವ ಸಾಮಾನ್ಯ ಸಂಕೇತಕ್ಕೆ 0ಯಿಂದ 9ರವರೆಗಿನವು ಮಾತ್ರ ಗೊತ್ತು. ಪಿನ್‌ಕೋಡನ್ನು ೫೬೦೦೦೪ ಎಂದು ಬರೆದರೆ ಅದು ಒಪ್ಪುವುದಿಲ್ಲ. ತಪಾಸಣೆಗೆ ಮೊದಲೇ ಅದನ್ನು 560004 ಎಂದು ಬದಲಿಸಿಕೊಳ್ಳಬೇಕು. ಹೆಸರಿಗೆ 'ಕನ್ನಡ ಲಿಪಿಯ ಅಕ್ಷರ ಮಾತ್ರ' ಎಂಬ ನಿಯಮವೂ ಸಾಲದು: 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು, ಕಂಪ್ಯೂಟರಿನ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿ ಅದನ್ನು ಕನ್ನಡ ಲಿಪಿಗೆ ಸೇರಿಸಿಲ್ಲ. ಉದ್ದದ ಮಿತಿಯದೂ ಇದೇ ಕಥೆ. 'ಶ್ರೀನಿವಾಸ' ನಮಗೆ ನಾಲ್ಕು ಅಕ್ಷರ, ಒತ್ತು, ಗುಣಿತದ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಬ್ರೌಸರಿಗೆ ಒಂಬತ್ತು. 20ರ ಮಿತಿ ಇಟ್ಟರೆ ಅಪ್ಪನ ಹೆಸರು, ಊರು ಸೇರಿದ ಎಷ್ಟೋ ಹೆಸರುಗಳು ಅರ್ಧಕ್ಕೇ ನಿಲ್ಲುತ್ತವೆ.

ಯಂತ್ರವೇ ತಿದ್ದಬಲ್ಲದ್ದಕ್ಕೆ ದೋಷದ ಸಂದೇಶ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರ ಬಂದರೆ ಸೊನ್ನೆ ಮಾಡುತ್ತೇನೆ, ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡುತ್ತೇನೆ, ಮೊಬೈಲ್ ಸಂಖ್ಯೆಯ ನಡುವಿನ ಖಾಲಿ ಜಾಗ ತೆಗೆಯುತ್ತೇನೆ.

ಬ್ರೌಸರಿನ ತಪಾಸಣೆಯನ್ನು ಯಾರು ಬೇಕಾದರೂ ದಾಟಬಹುದು. ಹಾಗಾಗಿ ಇವೇ ನಿಯಮಗಳು ಸರ್ವರಿನಲ್ಲೂ ಇವೆ. ಅಲ್ಲಿಂದ ತಪ್ಪು ಬಂದಾಗಲೂ ಸಂಬಂಧಪಟ್ಟ ವಿಭಾಗವೇ ತೆರೆದುಕೊಳ್ಳುತ್ತದೆ, ತುಂಬಿದ ಉಳಿದ ಖಾನೆಗಳೆಲ್ಲ ಹಾಗೆಯೇ ಇರುತ್ತವೆ. ಕಡತಗಳನ್ನು ಮಾತ್ರ ಬ್ರೌಸರ್ ಮತ್ತೆ ತುಂಬಿಕೊಡುವುದಿಲ್ಲ. ಅದಕ್ಕೇ ದಾಖಲೆಗಳನ್ನು ಕೊನೆಯ ವಿಭಾಗಕ್ಕೆ ಹಾಕಿ, ಆಯ್ಕೆ ಮಾಡಿದ ಕ್ಷಣವೇ ಸರ್ವರಿಗೆ ಕಳುಹಿಸಿಬಿಡುತ್ತೇನೆ.